ಗಂಟು ಬಿಚ್ಚುವ ಮೊದಲು ಕಿವಿ ಬಿಚ್ಚು

ಬೇಸ್ ಗಿಟಾರಿಗೆ ಒಂದು ಕಂಪ್ರೆಸರ್ ಪೆಡಲ್ ತಗೊಳ್ಳಬೇಕು, ಕಡಿಮೆ ದುಡ್ಡಿಗೆ ಯಾವುದು ಒಳ್ಳೆಯದು ಹೇಳಿ ದೊಡ್ಡಪ್ಪ ಅಂತ ಕೇಳಿದ್ದೀಯ. ಹೇಳುತ್ತೇನೆ ಮಗಾ. ಅದಕ್ಕೆ ಮುಂಚೆ ನೀನೊಂದು ಉತ್ತರ ಕೊಡು: ಅದರಿಂದ ನಿನಗೆ ಏನು ಕೆಲಸ ಆಗಬೇಕು? ‘ಎಲ್ಲರ ಹತ್ತಿರವೂ ಇದೆ’ ಅನ್ನುವುದು ಉತ್ತರವಲ್ಲ. ‘ಸೌಂಡ್ ದಪ್ಪ ಆಗುತ್ತೆ’ ಅನ್ನುವುದೂ ಅಲ್ಲ. ‘ಸ್ಲ್ಯಾಪ್ ಹೊಡೆದಾಗ ಸ್ಪೀಕರ್ ಪಟ್ ಅನ್ನುತ್ತೆ, ಮೆತ್ತಗೆ ನುಡಿಸಿದ ಸ್ವರ ಡ್ರಮ್ಮಿನ ಸದ್ದಲ್ಲಿ ಮುಳುಗಿ ಹೋಗುತ್ತೆ’ ಅಂದರೆ ಅದು ಉತ್ತರ. ಅಷ್ಟು ತಿಳಿದು ಹೋದವನಿಗೆ ಅಂಗಡಿಯಲ್ಲಿ ಯಾರೂ ಟೋಪಿ ಹಾಕಲಾರರು.

ಕಂಪ್ರೆಸರ್‌ನ ಕೆಲಸ ದೊಡ್ಡ ವಿದ್ಯೆಯೇನಲ್ಲ. ಸದ್ದು ಒಂದು ಗೆರೆ ದಾಟಿದ ಕೂಡಲೇ ವಾಲ್ಯೂಮ್ ಇಳಿಸುತ್ತದೆ, ಸದ್ದು ತಗ್ಗಿದ ಮೇಲೆ ಕೈ ಬಿಡುತ್ತದೆ. ಆ ಗೆರೆಗೆ ಥ್ರೆಶೋಲ್ಡ್ ಅನ್ನುತ್ತಾರೆ. ಎಷ್ಟು ಬಿಗಿಯಾಗಿ ಇಳಿಸಬೇಕು ಅನ್ನುವುದು ರೇಶಿಯೋ. ರೇಶಿಯೋ 4:1 ಇಟ್ಟಿದ್ದೀಯ, ನಿನ್ನ ಪೆಟ್ಟು ಗೆರೆಯಿಂದ 8 ಡೆಸಿಬೆಲ್ ಮೇಲೆ ಹೋಯಿತು ಅಂದುಕೋ. ಹೊರಗೆ ಬರುವುದು ಗೆರೆಯ ಮೇಲೆ 2 ಡೆಸಿಬೆಲ್ ಮಾತ್ರ, ಉಳಿದ 6 ಕತ್ತರಿಸಿ ಹೋಯಿತು. ಎಷ್ಟು ಬೇಗ ಹಿಡಿಯಬೇಕು ಅನ್ನುವುದು ಅಟ್ಯಾಕ್, ಎಷ್ಟು ಹೊತ್ತಿಗೆ ಬಿಡಬೇಕು ಅನ್ನುವುದು ರಿಲೀಸ್. ಕತ್ತರಿಸಿದ್ದನ್ನು ತುಂಬಿಕೊಡುವ ಗುಬ್ಬಿಗೆ ಕೆಲವು ಪೆಡಲ್‌ಗಳಲ್ಲಿ ಲೆವೆಲ್ ಅಂತ, ಕೆಲವದರಲ್ಲಿ ಔಟ್‌ಪುಟ್ ಅಂತ ಬರೆದಿರುತ್ತದೆ.

ಮೋಸ ಇರುವುದು ಈ ಕೊನೆಯ ಗುಬ್ಬಿಯಲ್ಲೇ. 6 ಡೆಸಿಬೆಲ್ ತುಂಬಿದರೆ ನಿನ್ನ ಸ್ವರದ ಜೊತೆಗೆ ಜನರೇಟರ್‌ನ ಗುಂಯ್ ಅನ್ನುವ ಸದ್ದು, ಪಿಕಪ್ಪಿನ ಸುಯ್ ಅನ್ನುವ ಸದ್ದು, ಎಲ್ಲವೂ 6 ಡೆಸಿಬೆಲ್ ಮೇಲೇಳುತ್ತವೆ. ಜಾತ್ರೆಯ ವೇದಿಕೆಯಲ್ಲಿ ಒಂದು ಹಾಡು ಮುಗಿದು ನಿರೂಪಕ ಮೈಕ್ ಹಿಡಿಯುವ ಹೊತ್ತಿಗೆ ನಿನ್ನ ಆಂಪ್ ಗುಂಯ್‌ಗುಟ್ಟುತ್ತಿದ್ದರೆ ತಪ್ಪು ಜನರೇಟರ್‌ನದೊಂದೇ ಅಲ್ಲ.

ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಮನೆಯಲ್ಲಿ ಮಾಡಬೇಕಾದ್ದನ್ನು ಮಾಡು. ಕಂಪ್ರೆಸರ್ ಬೇಕು ಅನ್ನಿಸುವ ಅರ್ಧ ಕಾಯಿಲೆಗೆ ಮದ್ದು ಸ್ಕ್ರೂಡ್ರೈವರ್‌ನಲ್ಲಿದೆ. ‘ಇ’ ತಂತಿ ಗುಡುಗಿ ‘ಜಿ’ ತಂತಿ ಕೇಳಿಸದಿದ್ದರೆ ಪಿಕಪ್ಪಿನ ದಪ್ಪ ತಂತಿಯ ಕಡೆಯನ್ನು ಒಂದು ಸುತ್ತು ಇಳಿಸು, ತೆಳು ತಂತಿಯ ಕಡೆಯನ್ನು ಸ್ವಲ್ಪ ಏರಿಸು, ನುಡಿಸಿ ನೋಡು. ಬೆವರು ಕುಡಿದು ಸತ್ತುಹೋದ ತಂತಿಯನ್ನು ಬದಲಿಸು. ಆಮೇಲೆ ಬಲಗೈ. ತೋರುಬೆರಳಿನ ಪೆಟ್ಟು ಒಂದು ಥರ, ನಡುಬೆರಳಿನದು ಇನ್ನೊಂದು ಥರ ಬೀಳುತ್ತಿದ್ದರೆ ಮೆಟ್ರೊನೋಮ್ ಹಾಕಿಕೊಂಡು ಒಂದೇ ಸ್ವರವನ್ನು ಬೇಸರವಾಗುವ ತನಕ ನುಡಿಸು. 1981ರ ‘ಗೀತಾ’ ಚಿತ್ರದ ಹಾಡುಗಳನ್ನು ಹೆಡ್‌ಫೋನ್ ಹಾಕಿಕೊಂಡು ಬೇಸ್‌ಗೋಸ್ಕರವೇ ಕೇಳು. ಇಳಯರಾಜಾ ಬೇಸ್‌ಗೆ ಎಷ್ಟು ಜಾಗ ಬಿಟ್ಟಿದ್ದಾರೆ, ನುಡಿಸಿದ ಕೈ ಆ ಜಾಗದಲ್ಲಿ ಎಷ್ಟು ಹದವಾಗಿ ಓಡಾಡಿದೆ ಗಮನಿಸು. ಬೆರಳು ತನ್ನ ಕೆಲಸ ಕಲಿತಮೇಲೆ ಕಂಪ್ರೆಸರ್‌ಗೆ ಉಳಿಯುವುದು ಚೂರುಪಾರು ಕೆಲಸ; ಅಷ್ಟನ್ನು ಅಗ್ಗದ ಪೆಡಲ್ಲೂ ಮಾಡುತ್ತದೆ.

ಇನ್ನೊಂದು ವಿಚಾರಿಸು. ನಿಮ್ಮ ಆರ್ಕೆಸ್ಟ್ರಾಕ್ಕೆ ಸೌಂಡ್ ಹಾಕುವವರ ಹತ್ತಿರ ಯಾವ ಮಿಕ್ಸರ್ ಇದೆ? ಬೆಹ್ರಿಂಗರ್ ಎಕ್ಸ್32 2012ರಲ್ಲಿ ಬಂದದ್ದು, ಅದರ 32 ಚಾನೆಲ್‌ಗೂ ಒಂದೊಂದು ಕಂಪ್ರೆಸರ್ ಒಳಗೇ ಇದೆ. ಅದರ ತಮ್ಮನಂಥ ಎಕ್ಸ್‌ಆರ್18ರಲ್ಲೂ ಇದೆ. ತಿಪಟೂರಿನ ಸತ್ಯಗಣಪತಿ ಉತ್ಸವದಂಥ ದೊಡ್ಡ ವೇದಿಕೆಗೆ ಬರುವವರು ಸಾಮಾನ್ಯವಾಗಿ ಇಂಥ ಡಿಜಿಟಲ್ ಮಿಕ್ಸರ್ ತರುತ್ತಾರೆ. ಅಲ್ಲಿ ನಿನ್ನ ಬೇಸ್ ಡಿಐ ಬಾಕ್ಸ್ ಮೂಲಕ ಮಿಕ್ಸರ್‌ಗೆ ಹೋದರೆ ಜನಕ್ಕೆ ಕೇಳುವ ಸದ್ದನ್ನು ಹದ ಮಾಡುವವರು ಅವರೇ. ನೀನೂ ಬಿಗಿದು ಅವರೂ ಬಿಗಿದರೆ ಬೇಸ್‌ನಲ್ಲಿ ಜೀವ ಉಳಿಯುವುದಿಲ್ಲ. ಟೀ ಕುಡಿಯುವಾಗ ‘ಅಣ್ಣಾ, ಬೇಸ್‌ಗೆ ಕಂಪ್ರೆಸರ್ ಹಾಕಿದ್ದೀರಾ?’ ಅಂತ ಕೇಳಿದರೆ ಕಾಸು ಖರ್ಚಿಲ್ಲದೆ ತಿಳಿದುಹೋಗುತ್ತದೆ. ನಿನ್ನ ಆಂಪನ್ನೂ ಒಮ್ಮೆ ನೋಡು. ಹಾರ್ಟ್‌ಕೆ ಎಚ್‌ಎ3500ರಂಥ ಹೆಡ್‌ಗಳಲ್ಲಿ ಕಂಪ್ರೆಶನ್ ಗುಬ್ಬಿ ಮುಂದುಗಡೆಯೇ ಇರುತ್ತದೆ, ಎಷ್ಟೋ ಜನ ಅದನ್ನು ಮುಟ್ಟಿಯೂ ಇರುವುದಿಲ್ಲ.

ಸಣ್ಣ ಊರಿನ ಕಾರ್ಯಕ್ರಮ ಬೇರೆ. ನಮ್ಮ ಕಂದಿಕೆರೆ, ಶೆಟ್ಟಿಕೆರೆ, ಹಂದನಕೆರೆ ಕಡೆ ಹಳೆಯ ಅನಲಾಗ್ ಮಿಕ್ಸರ್ ಬರುತ್ತದೆ, ಬೇಸ್ ನಿನ್ನ ಆಂಪಿನಿಂದಲೇ ಜನಕ್ಕೆ ಮುಟ್ಟಬೇಕಾಗುತ್ತದೆ. ಅಲ್ಲಿ ಪೆಡಲ್‌ಗೆ ನಿಜವಾಗಿ ಕೆಲಸವಿದೆ. ಈಗ ಹೆಸರು ಹೇಳುತ್ತೇನೆ.

ತೀರಾ ಕಡಿಮೆ ದುಡ್ಡಿಗೆ ಬೆಹ್ರಿಂಗರ್ ಬಿಎಲ್‌ಇ400. ಬಾಸ್ ಕಂಪನಿಯ ಎಲ್‌ಎಂಬಿ-3ರ ದಾರಿಯಲ್ಲೇ ಮಾಡಿದ್ದು. ಎರಡಕ್ಕೂ ಲೆವೆಲ್, ಎನ್‌ಹಾನ್ಸ್, ರೇಶಿಯೋ, ಥ್ರೆಶೋಲ್ಡ್ ಅಂತ ನಾಲ್ಕೇ ಗುಬ್ಬಿ. ಬೆಹ್ರಿಂಗರ್‌ದು ಪ್ಲಾಸ್ಟಿಕ್ ಮೈ, ಬೂಟುಗಾಲಲ್ಲಿ ಒದೆಯಬಾರದು. ಬಾಸ್‌ದು ಕಬ್ಬಿಣದ ಗುಂಡು ಇದ್ದ ಹಾಗೆ, ಸೆಕೆಂಡ್ ಹ್ಯಾಂಡ್ ಸಿಕ್ಕರೂ ಧೈರ್ಯವಾಗಿ ತಗೊಳ್ಳಬಹುದು. ನಡುವೆ ಟಿಸಿ ಎಲೆಕ್ಟ್ರಾನಿಕ್‌ನ ಸ್ಪೆಕ್ಟ್ರಾಕಾಂಪ್ ಇದೆ. ಒಂದೇ ಗುಬ್ಬಿ, ಆದರೆ ಒಳಗೆ ತಗ್ಗಿನ ಸದ್ದನ್ನೂ ಮೇಲಿನ ಸದ್ದನ್ನೂ ಬೇರೆ ಬೇರೆಯಾಗಿ ಹದ ಮಾಡುತ್ತದೆ. ಬೇರೆ ಸೆಟ್ಟಿಂಗ್ ಬೇಕಾದರೆ ಫೋನನ್ನು ಪಿಕಪ್ ಹತ್ತಿರ ಹಿಡಿದರೆ ಸಾಕು, ಫೋನಿನ ಸದ್ದೇ ಕೇಬಲ್ ದಾರಿಯಲ್ಲಿ ಹೋಗಿ ಪೆಡಲ್‌ನೊಳಗೆ ಸೇರಿಕೊಳ್ಳುತ್ತದೆ. ಮೇಲ್ಮಟ್ಟದಲ್ಲಿ ಎಂಎಕ್ಸ್‌ಆರ್ ಎಂ87. ಅಟ್ಯಾಕ್, ರಿಲೀಸ್ ಎಲ್ಲ ನಿನ್ನ ಕೈಯಲ್ಲಿರುತ್ತವೆ, ಎಷ್ಟು ಕತ್ತರಿಸುತ್ತಿದೆ ಅಂತ ತೋರಿಸಲು ಸಾಲು ದೀಪಗಳಿವೆ. ಒಳ್ಳೆಯ ಸಾಮಾನು. ಆದರೆ 2025ರ ಹಂಗಾಮಿಗೆ ನಿಮ್ಮಪ್ಪ ಮಾರುವ ಉಂಡೆ ಕೊಬ್ಬರಿಗೆ ಕೇಂದ್ರ ನಿಗದಿ ಮಾಡಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 12,100 ರೂಪಾಯಿ. ಈ ಪೆಡಲ್ ಹೊಸದಾಗಿ ಕೊಂಡರೆ ಅದನ್ನೂ ಮೀರುತ್ತದೆ. ಮಾರುಕಟ್ಟೆಯಲ್ಲಿ ದರ ಏರಿತು ಅಂತ ನಿಮ್ಮಪ್ಪನ ಜೇಬಿಗೆ ಕೈ ಹಾಕಬೇಡ. ಏರಿದ ದರ ಇಳಿಯುವುದನ್ನು ನಾವು ನೋಡಿಕೊಂಡೇ ಬಂದಿದ್ದೇವೆ.

ಇನ್ನೂ ಕಲಿಯುತ್ತಿದ್ದೀಯ, ಟ್ಯೂನರ್ ಕೂಡ ಇಲ್ಲ ಅನ್ನುವುದಾದರೆ ಝೂಮ್ ಬಿ1 ಫೋರ್ ನೋಡು. ಕಂಪ್ರೆಸರ್, ಟ್ಯೂನರ್, ಅಭ್ಯಾಸಕ್ಕೆ ತಾಳ, ಎಲ್ಲ ಒಂದರಲ್ಲೇ ಇದೆ. ಆರು ತಿಂಗಳು ಅದರಲ್ಲಿ ಕೈಯಾಡಿಸಿದರೆ ನಿನಗೆ ಎಂಥ ಕಂಪ್ರೆಸರ್ ಹಿಡಿಸುತ್ತದೆ ಅನ್ನುವುದು ತಾನಾಗಿ ಗೊತ್ತಾಗುತ್ತದೆ.

ಗಿಟಾರಿಗೆ ಮಾಡಿದ ಅಗ್ಗದ ಕಂಪ್ರೆಸರ್‌ಗಳ ವಿಷಯದಲ್ಲಿ ಹುಷಾರು. 1970ರ ದಶಕದ ಡೈನಾ ಕಾಂಪ್ ದಾರಿಯಲ್ಲಿ ಮಾಡಿದ ಎರಡು ಗುಬ್ಬಿಯ ಪೆಟ್ಟಿಗೆಗಳು ತುಂಬ ಸಿಗುತ್ತವೆ. ಗಿಟಾರಿಗೆ ಚೆಂದ, ಬೇಸ್‌ಗೆ ಹಾಕಿದರೆ ಬುಡದ ಸದ್ದು ತೆಳ್ಳಗಾಗುವುದೇ ಹೆಚ್ಚು. ಪರೀಕ್ಷೆ ಸುಲಭ. ನಿನ್ನದೇ ಬೇಸ್ ಒಯ್ಯಿ. ‘ಇ’ ತಂತಿಯನ್ನು ಬಿಟ್ಟ ಹಾಗೇ ಮೀಟಿ ಪೆಡಲ್ ಆನ್ ಮಾಡು, ಆಫ್ ಮಾಡು. ಎರಡೂ ಸಲ ಸದ್ದು ಒಂದೇ ಮಟ್ಟಕ್ಕೆ ಬರುವಂತೆ ಲೆವೆಲ್ ಮೊದಲೇ ಹೊಂದಿಸಿರಬೇಕು, ಇದನ್ನು ಮಾತ್ರ ಮರೆಯಬೇಡ. ಜೋರಾಗಿ ಕೇಳಿದ್ದೆಲ್ಲ ಚೆನ್ನಾಗಿದೆ ಅನ್ನಿಸುವುದು ಮನುಷ್ಯರ ಕಿವಿಯ ಗುಣ, ಅಂಗಡಿಯವರಿಗೂ ಅದು ಗೊತ್ತು. ಅಟ್ಟದ ಮೇಲಿನ ಕಾಯನ್ನು ನಿಮ್ಮಪ್ಪ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ, ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಹೇಳುತ್ತಾನಲ್ಲ, ಆ ಕಿವಿಯನ್ನು ಅಂಗಡಿಗೂ ತಗೊಂಡು ಹೋಗು.

ತಂದ ಮೇಲೆ ಹೊಂದಿಸುವುದು ಹೀಗೆ. ರೇಶಿಯೋ 4:1ರ ಹತ್ತಿರ ಇರಲಿ. ನಿನ್ನ ಜೋರು ಪೆಟ್ಟಿಗೆ 3ರಿಂದ 6 ಡೆಸಿಬೆಲ್ ಕತ್ತರಿಸಲಿ, ಮೆತ್ತಗಿನ ಪೆಟ್ಟಿಗೆ ಸುಮ್ಮನಿರಲಿ. ಅಟ್ಯಾಕ್ ಗುಬ್ಬಿ ಇದ್ದರೆ 20ರಿಂದ 50 ಮಿಲಿಸೆಕೆಂಡ್ ಆಸುಪಾಸಿನಲ್ಲಿಡು, ಬೆರಳು ತಂತಿ ಬಿಡುವ ಆ ಮೊದಲ ‘ಟಕ್’ ಉಳಿಯಬೇಕು. ಅದು ಹೋದರೆ ಬೇಸ್ ಹೆಜ್ಜೆ ತಪ್ಪಿದ ಹಾಗೆ ಕೇಳುತ್ತದೆ. ಸ್ಲ್ಯಾಪ್ ಪೆಟ್ಟೇ ನಿನ್ನ ಕಾಟವಾದರೆ ಅಟ್ಯಾಕನ್ನು ಇನ್ನೂ ಚುರುಕು ಮಾಡಬೇಕಾಗುತ್ತದೆ, ಆದರೂ ಎಚ್ಚರ. ದಪ್ಪ ‘ಇ’ ತಂತಿ ಸೆಕೆಂಡಿಗೆ 41 ಸಲ ಅಲುಗುತ್ತದೆ, ಅಂದರೆ ಒಂದು ಅಲೆಗೆ ಸುಮಾರು 24 ಮಿಲಿಸೆಕೆಂಡ್. ಐದು ತಂತಿಯ ಬೇಸ್‌ನ ‘ಬಿ’ ತಂತಿಯ ಅಲೆಗೆ ಸುಮಾರು 32. ಅಟ್ಯಾಕ್, ರಿಲೀಸ್ ಎರಡನ್ನೂ ಅದಕ್ಕಿಂತ ಚುರುಕಾಗಿಟ್ಟರೆ ಕಂಪ್ರೆಸರ್ ಸ್ವರವನ್ನು ಬಿಟ್ಟು ಒಂದೊಂದೇ ಅಲೆಯನ್ನು ಅಟ್ಟಿಸಿಕೊಂಡು ಹೋಗುತ್ತದೆ, ಸದ್ದು ಗೊರಗೊರ ಅನ್ನುತ್ತದೆ. ಅದಕ್ಕೇ ರಿಲೀಸ್ 100ರಿಂದ 200 ಮಿಲಿಸೆಕೆಂಡಿನೊಳಗೆ ಇಟ್ಟು ಹಾಡಿನ ನಡೆಗೆ ತಕ್ಕಂತೆ ಸ್ವಲ್ಪ ಆಚೀಚೆ ಮಾಡು. ಲೆವೆಲ್ಲನ್ನು ಕಡೆಯಲ್ಲಿ ಮುಟ್ಟು.

ಕರೆಂಟಿನ ಮಾತು. ಈ ಪೆಡಲ್‌ಗಳಿಗೆ ಸಾಮಾನ್ಯವಾಗಿ 9 ವೋಲ್ಟ್ ಬೇಕು, ನಡುಪಿನ್ ಮೈನಸ್. ಮನೆಯಲ್ಲಿ ಬಿದ್ದಿರುವ ಯಾವುದೋ ಅಡಾಪ್ಟರ್ ಚುಚ್ಚಿದರೆ ಪೆಡಲ್ ಸುಟ್ಟೀತು, ಸುಡದಿದ್ದರೂ ಗುಂಯ್ ಅಂದೀತು. ಪೆಡಲ್‌ನಲ್ಲಿ ಉಳಿಸಿದ ದುಡ್ಡಲ್ಲಿ ಒಂದು ಒಳ್ಳೆ ಪವರ್ ಸಪ್ಲೈ, ಎರಡು ಗಟ್ಟಿ ಕೇಬಲ್ ತಗೋ.

ಒಟ್ಟಿನಲ್ಲಿ ನನ್ನ ಮಾತು ಇಷ್ಟು. ಈ ವಾರ ತಂತಿ ಬದಲಿಸಿ ಪಿಕಪ್ ಸರಿಮಾಡಿಕೋ. ಬರುವ ಎರಡು ಕಾರ್ಯಕ್ರಮ ಹಾಗೇ ನುಡಿಸು, ಎಲ್ಲಿ ಸದ್ದು ಹಾರುತ್ತದೆ, ಎಲ್ಲಿ ಮುಳುಗುತ್ತದೆ ಅಂತ ಹಾಡಿನ ಹೆಸರು ಹಾಕಿ ಬರೆದಿಡು. ಆಮೇಲೂ ಬೇಕೇ ಬೇಕು ಅನ್ನಿಸಿದರೆ ಸೆಕೆಂಡ್ ಹ್ಯಾಂಡ್ ಎಲ್‌ಎಂಬಿ-3 ಹುಡುಕು, ಸಿಗದಿದ್ದರೆ ಬಿಎಲ್‌ಇ400 ಸಾಕು. ನನ್ನ ಹಳೇ ಪೆಡಲ್ ಬೀರುವಿನಲ್ಲಿದೆ. ಕೊಳ್ಳುವ ಮೊದಲು ಅದನ್ನೇ ಒಂದು ತಿಂಗಳು ಒಯ್ದು ನುಡಿಸಿ ನೋಡು, ವಾಪಸು ತರುವಾಗ ಆ ಪಟ್ಟಿಯನ್ನೂ ತಾ.