ನಿರಾಶ್ರಿತರ ಶಿಬಿರ ಮತ್ತು ಸ್ತ್ರೀಹಿಂಸೆ: ದಾದಾಬ್‌ನ ಸೌದೆಯ ಪ್ರಶ್ನೆ

‘ನಿರಾಶ್ರಿತ’ ಎಂಬ ಪದ ಆಶ್ರಯವಿಲ್ಲದ ಸ್ಥಿತಿಯನ್ನು ಸೂಚಿಸುತ್ತದೆ. ಶಿಬಿರವನ್ನು ಸೇರಿದೊಡನೆ ಆ ಸ್ಥಿತಿ ಕೊನೆಗೊಂಡಿತೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಆದರೆ ಶಿಬಿರದ ಆಶ್ರಯ ಸ್ತ್ರೀಗೂ ಪುರುಷನಿಗೂ ಒಂದೇ ಬಗೆಯದೇ? ಕೀನ್ಯಾದ ದಾದಾಬ್ ಶಿಬಿರಗಳ ಹಿನ್ನೆಲೆಯಲ್ಲಿ ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1991ರ ಜನವರಿಯಲ್ಲಿ ಸೊಮಾಲಿಯಾದ ಸಿಯಾದ್ ಬರೆ ಆಡಳಿತ ಕುಸಿದು ಅಂತರ್ಯುದ್ಧ ತೀವ್ರಗೊಂಡಾಗ ಲಕ್ಷಾಂತರ ಜನ ನೆರೆಯ ಕೀನ್ಯಾಕ್ಕೆ ಬಂದರು. ಅವರಿಗಾಗಿ 1991-92ರಲ್ಲಿ ದಾದಾಬ್ ಪಟ್ಟಣದ ಸುತ್ತ ಇಫೊ, ದಗಹಲೆ, ಹಗದೆರ ಎಂಬ ಮೂರು ಶಿಬಿರಗಳು ಸ್ಥಾಪನೆಯಾದವು. ಇವು 90,000 ಜನರಿಗೆಂದು ರೂಪುಗೊಂಡಿದ್ದವು. 2011ರ ಬರಗಾಲದ ವೇಳೆಗೆ ಈ ಶಿಬಿರ ಸಮುಚ್ಚಯದಲ್ಲಿ 4 ಲಕ್ಷಕ್ಕೂ ಹೆಚ್ಚು ಜನರಿದ್ದರು.

ಶಿಬಿರದಲ್ಲಿ ಪಡಿತರವಾಗಿ ದೊರೆಯುತ್ತಿದ್ದುದು ಧಾನ್ಯ, ಹಿಟ್ಟು, ಬೇಳೆಕಾಳು, ಎಣ್ಣೆ. ಇವೆಲ್ಲವೂ ಬೇಯಿಸಿ ಉಣ್ಣಬೇಕಾದ ಪದಾರ್ಥಗಳು. ಆದರೆ ಉರುವಲು ಪಡಿತರದ ಲೆಕ್ಕದಲ್ಲಿರಲಿಲ್ಲ. ಅರೆಮರುಭೂಮಿಯಾದ ಆ ನೆಲದಲ್ಲಿ ಶಿಬಿರದ ಸುತ್ತಲಿನ ಮರಗಿಡಗಳು ಬೇಗನೆ ಬರಿದಾದವು. ಸೌದೆಗಾಗಿ ಸ್ತ್ರೀಯರು ಹಲವಾರು ಕಿಲೋಮೀಟರ್ ನಡೆಯಬೇಕಾಯಿತು. ಕುರುಚಲು ಕಾಡಿನಲ್ಲಿ ‘ಶಿಫ್ತಾ’ ಎನ್ನಲಾಗುವ ಶಸ್ತ್ರಧಾರಿ ದರೋಡೆಕೋರರು ಅವರ ಮೇಲೆ ಅತ್ಯಾಚಾರವೆಸಗುತ್ತಿದ್ದರು. ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 1993ರಲ್ಲಿಯೇ ಇದನ್ನು ವರದಿ ಮಾಡಿತು. ಗಂಡಸರು ಹೋದರೆ ಕೊಲೆಯಾಗುತ್ತಾರೆ, ಹೆಂಗಸರು ಹೋದರೆ ಜೀವವಾದರೂ ಉಳಿಯುತ್ತದೆ ಎಂಬ ಲೆಕ್ಕಾಚಾರ ಕುಟುಂಬಗಳಲ್ಲಿತ್ತು. ಅಂದರೆ ಹೆಣ್ಣಿನ ದೇಹದ ಮೇಲಿನ ಹಿಂಸೆಯನ್ನು ಮನೆಯ ಒಲೆ ಉರಿಯುವುದಕ್ಕೆ ತೆರಬೇಕಾದ ಬೆಲೆಯೆಂದು ಒಪ್ಪಿಕೊಳ್ಳಲಾಗಿತ್ತು ಎಂಬುದು ಗಮನಾರ್ಹ.

ಪರಿಹಾರವಾಗಿ ಶಿಬಿರಗಳ ಸುತ್ತ ಮುಳ್ಳುಬೇಲಿಗಳನ್ನು ಬೆಳೆಸಲಾಯಿತು. 1998ರಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿ ಸೌದೆ ವಿತರಣೆಯನ್ನು ಆರಂಭಿಸಿತು. ಈ ಯೋಜನೆಯ ಮೌಲ್ಯಮಾಪನ 2001ರಲ್ಲಿ ನಡೆಯಿತು. ಮನೆಗಳಲ್ಲಿ ಸೌದೆಯ ದಾಸ್ತಾನು ಪೂರ್ಣವಾಗಿದ್ದ ಅವಧಿಯಲ್ಲಿ, ಸೌದೆ ತರುವಾಗ ನಡೆಯುವ ಅತ್ಯಾಚಾರಗಳು ಶೇ. 45ರಷ್ಟು ಇಳಿದಿದ್ದವು. ಆದರೆ ಇತರ ಸಂದರ್ಭಗಳಲ್ಲಿ ನಡೆಯುವ ಅತ್ಯಾಚಾರಗಳು ಹೆಚ್ಚಿದ್ದವು. ಹಿಂಸೆ ಕೊನೆಗೊಳ್ಳದೆ ತನ್ನ ಜಾಗವನ್ನು ಬದಲಿಸಿತ್ತು. ಸೌದೆಯ ಹಾದಿ ಹಿಂಸೆಗೆ ಒದಗಿದ ಅವಕಾಶವೇ ಹೊರತು ಅದರ ಮೂಲವಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಮೂಲವನ್ನು ಅಧಿಕಾರ ಸಂಬಂಧಗಳಲ್ಲಿ ಹುಡುಕಬೇಕಾಗುತ್ತದೆ. ಸೊಮಾಲಿ ಸಮಾಜದಲ್ಲಿ ಕುಲವೇ ವ್ಯಕ್ತಿಯ ರಕ್ಷಣೆ. ಶಿಬಿರದಲ್ಲಿ ಅಲ್ಪಸಂಖ್ಯಾತ ಕುಲದ ಸ್ತ್ರೀಗೆ, ಗಂಡನನ್ನು ಕಳೆದುಕೊಂಡವಳಿಗೆ ಆ ರಕ್ಷಣೆಯೂ ದುರ್ಬಲ. ಅಪರಾಧ ಬಯಲಾದಾಗಲೂ ಅನೇಕ ವೇಳೆ ಕುಲದ ಹಿರಿಯರು ‘ಮಸ್ಲಹಾ’ ಎಂಬ ಸಂಧಾನದ ಮೂಲಕ ಪರಿಹಾರಧನವನ್ನು ನಿರ್ಧರಿಸುತ್ತಾರೆ. ಅಲ್ಲಿ ಮಾತನಾಡುವವರು ಪುರುಷರು. ನೊಂದವಳ ಸಮ್ಮತಿ ಗೌಣ. ಹೀಗೆ ಅವಳಿಗಾದ ಅನ್ಯಾಯ ಎರಡು ಕುಲಗಳ ನಡುವಿನ ವ್ಯವಹಾರವಾಗಿ ಮಾರ್ಪಡುತ್ತದೆ.

ಅಂತರರಾಷ್ಟ್ರೀಯ ಕಾನೂನಿನಲ್ಲಿಯೂ ಈ ಮೌನವಿದೆ. 1951ರ ನಿರಾಶ್ರಿತರ ಒಡಂಬಡಿಕೆ ಗುರುತಿಸುವ ಕಿರುಕುಳದ ಐದು ಆಧಾರಗಳಲ್ಲಿ ಲಿಂಗದ ಉಲ್ಲೇಖವಿಲ್ಲ. ನಿರಾಶ್ರಿತ ಸ್ತ್ರೀಯರ ರಕ್ಷಣೆಗೆಂದು ಪ್ರತ್ಯೇಕ ಮಾರ್ಗಸೂಚಿಗಳು ಬಂದದ್ದು ನಾಲ್ಕು ದಶಕಗಳ ನಂತರ, 1991ರಲ್ಲಿ.

ಒಟ್ಟಾರೆಯಾಗಿ ಹೇಳುವುದಾದರೆ, ಬೇಲಿ, ಕಾವಲು ಮತ್ತು ಪಡಿತರಗಳ ನೆಲೆಯಲ್ಲಷ್ಟೇ ಆಶ್ರಯವನ್ನು ಅರ್ಥೈಸುವುದು ಸಾಲದು. ಅಡುಗೆಯ ಉರುವಲನ್ನು ಆಹಾರದ ಭಾಗವೆಂದೇ ಎಣಿಸುವುದು, ಪಡಿತರ ಚೀಟಿಯನ್ನು ಸ್ತ್ರೀಯ ಹೆಸರಿನಲ್ಲಿಯೇ ನೀಡುವುದು, ನೊಂದವಳು ಸಂಧಾನವನ್ನು ನಿರಾಕರಿಸಿ ನ್ಯಾಯಾಲಯಕ್ಕೆ ಹೋಗಬಲ್ಲ ವ್ಯವಸ್ಥೆಯನ್ನು ಕಲ್ಪಿಸುವುದು ಅಗತ್ಯ. ಇವಿಲ್ಲದೆಡೆ, ಶಿಬಿರದೊಳಗಿದ್ದೂ ಸ್ತ್ರೀ ಪದಶಃ ನಿರಾಶ್ರಿತೆಯಾಗಿಯೇ ಉಳಿಯುತ್ತಾಳೆ.