ಲಸಿಕೆಯ ಶೀತಪೆಟ್ಟಿಗೆಗೆ ತಕ್ಕ ಉಷ್ಣಮಾಪಕ

ಲಸಿಕೆ ಹಾಕಿಸಿದ ಮೇಲೂ ಹಸುವಿಗೆ ಕಾಲುಬಾಯಿ ಜ್ವರ ಬಂದಿತೆಂದು ರೈತರು ಹೇಳಿದಾಗ ಲಸಿಕೆಯನ್ನೇ ದೂರುವುದು ವಾಡಿಕೆ. ದೋಷವು ಕೆಲವೊಮ್ಮೆ ಅದನ್ನಿಟ್ಟಿದ್ದ ಶೀತಪೆಟ್ಟಿಗೆಯಲ್ಲಿರಬಹುದು. ಈ ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಂಟಿಗ್ರೇಡಿನೊಳಗೆ ಇಡತಕ್ಕದ್ದು. ಕಾವೇರಿದರೆ ಅದರ ಸತ್ವವು ಕುಂದುವುದು, ಹೆಪ್ಪುಗಟ್ಟಿದರೂ ಕೆಡುವುದು. ಹೆಪ್ಪು ಕರಗಿದ ಬಳಿಕ ಸೀಸೆಯು ಮೇಲ್ನೋಟಕ್ಕೆ ಮೊದಲಿನಂತೆಯೇ ತೋರಬಹುದಾದುದರಿಂದ ಎರಡನೆಯದನ್ನು ಕಂಡುಹಿಡಿಯುವುದು ಕಷ್ಟ.

ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಮಳೆಗಾಲವನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಾದುದಿಲ್ಲ. ಗಾಳಿಗೆ ಮರ ಬಿದ್ದು ತಂತಿ ಕಡಿದರೆ ವಿದ್ಯುತ್ತು ಮರಳುವುದು ಯಾವಾಗಲೋ! ಇಲ್ಲಿಗೆ ತಕ್ಕ ಉಷ್ಣಮಾಪಕವನ್ನು ರಚಿಸುವವರು ಮೊದಲು ಪೆಟ್ಟಿಗೆಯ ಬಾಗಿಲನ್ನು ದಿನವೂ ತೆರೆಯುವವರನ್ನು ವಿಚಾರಿಸತಕ್ಕದ್ದು. ವಿಚಾರಿಸುವುದಕ್ಕೂ ಒಂದು ಕ್ರಮವುಂಟು. "ಉಷ್ಣತೆಯನ್ನು ನೋಡುವಿರಾ?" ಎಂದರೆ ಎಲ್ಲರೂ ಹೌದೆನ್ನುವರು. "ನಿನ್ನೆ ಬೆಳಗಿನಿಂದ ಏನೇನು ಮಾಡಿದಿರಿ?" ಎಂದು ಕೇಳಿದರೆ ನಿಜ ಸಂಗತಿ ಹೊರಬೀಳುವುದು. ನಾನು ಹೀಗೆ ಕೇಳಿದ ಒಬ್ಬ ಪರಿಚಾರಕರು, ಬೆಳಿಗ್ಗೆ ಮತ್ತು ಸಂಜೆ ತಪ್ಪದೆ ಅಂಕಿಯನ್ನು ಬರೆದಿದ್ದ ಪುಸ್ತಕವನ್ನು ತೋರಿಸಿ, "ರಾತ್ರಿ ಕರೆಂಟ್ ಹೋದ್ದ್ ನಂಗ್ ಗೊತ್ತಾಪ್ದ್ ಹ್ಯಾಂಗೆ ಮಾರಾಯ್ರೆ?" ಎಂದರು. ಇನ್ನೊಂದೆಡೆ ಎಚ್ಚರಿಕೆಯ ಗಂಟೆಯ ತಂತಿಯನ್ನೇ ಕಿತ್ತಿಟ್ಟಿದ್ದರು. ಉದಾಸೀನವೆಂದು ಸಿಟ್ಟಾದೆನು. ಬಾಗಿಲು ತೆರೆದಾಗಲೆಲ್ಲ ಅದು ಕಿರುಚುತ್ತಿತ್ತೆಂದು ಆಮೇಲೆ ತಿಳಿಯಿತು. ತಪ್ಪು ಉಪಕರಣದ್ದು, ನನ್ನ ಸಿಟ್ಟೂ ತಪ್ಪು.

ಬಾಗಿಲು ತೆರೆದೊಡನೆ ಒಳಗಿನ ಗಾಳಿಯು ಬಿಸಿಯಾಗುವುದು. ಸೀಸೆಯೊಳಗಿನ ದ್ರವವು ಅಷ್ಟು ಬೇಗ ಬಿಸಿಯಾಗದು. ಆದುದರಿಂದ ಮಾಪಕದ ತುದಿಯನ್ನು ಗ್ಲಿಸರಿನ್ ತುಂಬಿದ ಸಣ್ಣ ಸೀಸೆಯಲ್ಲಿ ಮುಳುಗಿಸಿ ಲಸಿಕೆಯ ನಡುವೆ ಇಡತಕ್ಕದ್ದು. ಬಾಗಿಲಿನಲ್ಲಾಗಲಿ ಮಂಜುಗಟ್ಟುವ ಭಾಗದ ಬಳಿಯಲ್ಲಾಗಲಿ ಸಲ್ಲದು. ಹೀಗಾದರೆ ಗಂಟೆಯು ಸುಮ್ಮನೆ ಹೊಡೆಯಲಾರದು. ಅಂಕಿಗಳು ಬಾಗಿಲಿನ ಹೊರಗೆ ದೊಡ್ಡದಾಗಿ ಕಾಣಬೇಕು. ಹಿಂದಿನ ರಾತ್ರಿಯ ಅತಿ ಹೆಚ್ಚು, ಅತಿ ಕಡಿಮೆ ಉಷ್ಣತೆಗಳನ್ನೂ, ಮಿತಿ ಮೀರಿದ್ದ ಅವಧಿಯನ್ನೂ ಉಪಕರಣವು ತಾನೇ ನೆನಪಿಡಬೇಕು. ಅದಕ್ಕೆ ಸ್ವಂತ ಬ್ಯಾಟರಿ ಅಗತ್ಯ. ದೂರವಾಣಿಗೆ ಸಂದೇಶ ಕಳುಹಿಸುವ ಏರ್ಪಾಡು ಒಳ್ಳೆಯದೇ. ಆದರೆ ಘಟ್ಟದ ಬುಡದ ಊರುಗಳಲ್ಲಿ ಅದೊಂದನ್ನೇ ನಂಬಲಾಗದು. ಕಡಲ ಕರೆಯ ಉಪ್ಪುಗಾಳಿಗೆ ತಂತಿಯ ಕೂಡುಗಳು ತುಕ್ಕುಹಿಡಿಯದಂತೆ ಮುಚ್ಚಿರಬೇಕು.

ಮಾಪಕವನ್ನು ಪರೀಕ್ಷಿಸುವುದು ಸುಲಭ. ಪುಡಿಮಾಡಿದ ಮಂಜುಗಡ್ಡೆಗೆ ಸ್ವಲ್ಪ ನೀರು ಬೆರೆಸಿ ತುದಿಯನ್ನು ಅದ್ದಿದರೆ ತುಸು ಹೊತ್ತಿನಲ್ಲಿ 0 ಡಿಗ್ರಿ ತೋರಬೇಕು. ಮಾದರಿಯನ್ನು ಆಸಾಡಿಯ ಮಳೆಯಲ್ಲಿ ಒಂದು ತಿಂಗಳು ಪರಿಚಾರಕರ ಬಳಿಯೇ ಬಿಟ್ಟು, ಅವರು ಅದನ್ನು ಬಳಸುವ ಬಗೆಯನ್ನು ಸುಮ್ಮನೆ ನೋಡತಕ್ಕದ್ದು. ಗಂಟೆ ಹೊಡೆದಾಗ ಯಾರಿಗೆ ತಿಳಿಸಬೇಕು, ಲಸಿಕೆಯನ್ನು ಯಾವ ಪೆಟ್ಟಿಗೆಗೆ ಸಾಗಿಸಬೇಕು ಎಂಬುದನ್ನು ಮೊದಲೇ ಗೊತ್ತುಮಾಡಿ ಬಾಗಿಲಿನ ಮೇಲೆ ಬರೆದು ಅಂಟಿಸಿರಬೇಕು.