ಹಳೆಯ ಮೋಟಾರಿನ ಕುಂಟು ಸಿಲಿಂಡರು

ಹಳೆಯ ಮೋಟಾರು ಕಾರನ್ನಿಟ್ಟುಕೊಂಡಿರುವ ಮನೆಗಳವರು ಈ ತೊಂದರೆಯನ್ನು ಬಲ್ಲರು. ನಾಲ್ಕು ಸಿಲಿಂಡರುಗಳಲ್ಲಿ ಮೂರು ದುಡಿಯುವುವು, ಒಂದು ದುಡಿಯದು. ಬಂಡಿಯು ನಡುಗುತ್ತ ಕುಂಟುವುದು. ಯಜಮಾನರು ಹೊಸ ಪ್ಲಗ್ಗುಗಳನ್ನು ಕೊಳ್ಳುವರು, ಬಳಿಕ ಕಾಯಿಲನ್ನು, ಬಳಿಕ ಕಾರ್ಬ್ಯುರೇಟರನ್ನು. ಹಣವು ವೆಚ್ಚವಾದರೂ ಕುಂಟು ಹೋಗದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆಯೆಳೆದಂತಾಯಿತು. ಹೇಗೆಂದರೆ, ಕಾಯಿಲು ನಾಲ್ಕು ಸಿಲಿಂಡರುಗಳಿಗೂ ಒಂದೇ. ಅದು ಕೆಟ್ಟಿದ್ದರೆ ನಾಲ್ಕೂ ಕುಂಟಬೇಕಾಗಿತ್ತು. ಒಂದೇ ಸಿಲಿಂಡರು ದುಡಿಯದಿರುವಾಗ ಆ ಒಂದಕ್ಕೇ ಸೇರಿದ ಭಾಗಗಳನ್ನು ಪರೀಕ್ಷಿಸತಕ್ಕದ್ದು.

ಮೊದಲು ಅದು ಯಾವುದೆಂದು ಗೊತ್ತುಮಾಡಬೇಕು. ಯಂತ್ರವನ್ನು ನಿಲ್ಲಿಸಿ, ಒಂದು ಪ್ಲಗ್ಗಿನ ತಂತಿಯನ್ನು ಕಳಚಿ, ಅದಕ್ಕೆ ಬೇರೊಂದು ಪ್ಲಗ್ಗನ್ನು ಸಿಕ್ಕಿಸಿ, ಆ ಪ್ಲಗ್ಗು ಯಂತ್ರದ ಲೋಹಕ್ಕೆ ತಾಗಿರುವಂತೆ ಭದ್ರಪಡಿಸಿ, ಮತ್ತೆ ನಡೆಯಿಸಿರಿ. ನಡೆಯುವಾಗ ತಂತಿಯನ್ನು ಮುಟ್ಟಕೂಡದು. ಹೀಗೆ ಒಂದೊಂದನ್ನೂ ನೋಡುವಲ್ಲಿ, ಯಾವ ತಂತಿಯನ್ನು ಕಳಚಿದರೂ ಯಂತ್ರದ ಶಬ್ದವು ಬದಲಾಗದೋ ಆ ಸಿಲಿಂಡರೇ ದುಡಿಯದಿರುವುದು.

ಇನ್ನು ಅದರ ಪ್ಲಗ್ಗನ್ನು ನೆರೆಯದರ ಪ್ಲಗ್ಗಿನೊಡನೆ ಅದಲುಬದಲು ಮಾಡಿರಿ. ಕುಂಟು ಪ್ಲಗ್ಗಿನ ಸಂಗಡ ನೆರೆಗೆ ಹೋದರೆ ಪ್ಲಗ್ಗೇ ಅಪರಾಧಿ. ಹೋಗದಿದ್ದರೆ ಅದು ನಿರಪರಾಧಿ. ತಂತಿಯನ್ನೂ ಹೀಗೆಯೇ ಪರೀಕ್ಷಿಸಬಹುದು. ಆದರೆ ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಇಲ್ಲವಾದರೆ ಯಾವುದರಿಂದ ಗುಣವಾಯಿತೆಂದು ತಿಳಿಯದು. ಡಿಸ್ಟ್ರಿಬ್ಯೂಟರಿನ ಮುಚ್ಚಳದಲ್ಲಿ ಬಿರುಕುಂಟೋ ಎಂಬುದನ್ನೂ ನೋಡಿರಿ.

ಕಿಡಿಯು ಸರಿಯಾಗಿದ್ದೂ ಕುಂಟು ಉಳಿದರೆ ಒತ್ತಡವನ್ನು ಅಳೆಯತಕ್ಕದ್ದು. ಎಲ್ಲ ಪ್ಲಗ್ಗುಗಳನ್ನೂ ತೆಗೆದು, ಕಾಯಿಲಿಗೆ ಬರುವ ವಿದ್ಯುತ್ತನ್ನು ತಪ್ಪಿಸಿ, ಆಕ್ಸಿಲರೇಟರನ್ನು ಪೂರ್ತಿಯಾಗಿ ಒತ್ತಿಹಿಡಿದು, ಸ್ಟಾರ್ಟರಿನಿಂದ ತಿರುಗಿಸಿ ಮಾಪಕವನ್ನು ನೋಡಬೇಕು. ಒಂದರಲ್ಲಿ ಮಾತ್ರ ಒತ್ತಡವು ಕಡಮೆಯಾಗಿದ್ದರೆ, ಅದರೊಳಕ್ಕೆ ಒಂದು ಚಮಚ ಎಂಜಿನ್ ಎಣ್ಣೆಯನ್ನು ಬಿಟ್ಟು ಮರಳಿ ಅಳೆಯಿರಿ. ಏರಿದರೆ ಪಿಸ್ಟನ್ನಿನ ಉಂಗುರಗಳು ಸವೆದಿರುವುವು. ಏರದಿದ್ದರೆ ಬಹುಮಟ್ಟಿಗೆ ವಾಲ್ವು ಸರಿಯಾಗಿ ಮುಚ್ಚುತ್ತಿಲ್ಲ. ನೆರೆಹೊರೆಯ ಎರಡರಲ್ಲಿ ಕಡಮೆಯಾದರೆ ಹೆಡ್ಡಿನ ಗ್ಯಾಸ್ಕೆಟ್ಟನ್ನು ಸಂಶಯಿಸಬೇಕು.

ವಾಲ್ವು ಮುಚ್ಚದಿರುವುದಕ್ಕೆ ಒಂದು ಕಾರಣವುಂಟು. ಭಾರತದಲ್ಲಿ ಸೀಸ ಬೆರಸಿದ ಪೆಟ್ರೋಲು ೨೦೦೦ನೆಯ ಇಸವಿಯಲ್ಲಿ ನಿಂತುಹೋಯಿತು. ಮಕ್ಕಳ ಆರೋಗ್ಯಕ್ಕೆ ಅದು ಒಳ್ಳೆಯದೇ ಆಯಿತು. ಆದರೆ ಅಂಬಾಸಿಡರಿನ ೧೪೮೯ ಸಿ.ಸಿ. ಯಂತ್ರದಂತಹ ಹಳೆಯವುಗಳಲ್ಲಿ, ಬೀಡುಕಬ್ಬಿಣದ ಹೆಡ್ಡಿನಲ್ಲಿಯೇ ಕೊರೆದ ವಾಲ್ವಿನ ಪೀಠಗಳಿಗೆ ಸೀಸವೇ ರಕ್ಷೆಯಾಗಿದ್ದಿತು. ಅದಿಲ್ಲದೆ, ಹೊಗೆಯನ್ನು ಹೊರಬಿಡುವ ವಾಲ್ವಿನ ಪೀಠವು ಸವೆದು, ವಾಲ್ವು ಹೆಡ್ಡಿನೊಳಕ್ಕೆ ಇಳಿದು, ಟ್ಯಾಪೆಟ್ಟಿನ ಸಂದು ಮುಚ್ಚಿಹೋಗಬಹುದು. ವಾಲ್ವು ಪೀಠದ ಮೇಲೆ ಕುಳಿತಾಗಲೇ ತನ್ನ ಕಾವನ್ನು ಬಿಟ್ಟುಕೊಡುವುದು. ಕುಳಿತುಕೊಳ್ಳಲಾರದ ವಾಲ್ವು ಸುಟ್ಟುಹೋಗುವುದು.

ಆದುದರಿಂದ ಕುಂಟನ್ನು ಸಹಿಸಿಕೊಂಡು ಓಡಿಸುತ್ತಿರಬೇಡಿರಿ. ಇಂದು ಸಂದನ್ನು ಸರಿಪಡಿಸಲು ಅಳತೆಯ ತಗಡು, ಸ್ಪ್ಯಾನರು, ತಿರುಪುಳಿ ಇಷ್ಟೇ ಸಾಕಾಗಬಹುದು. ತಡಮಾಡಿದರೆ ಹೆಡ್ಡನ್ನೇ ಬಿಚ್ಚಬೇಕಾದೀತು.